ಮಿಲಿಸೆಕೆಂಡ್ ಪಲ್ಸಾರ್ ಫೋಲ್ಡ್ ಮಾಡಿದ್ರೆ ಗೆರೆ ಬಿಲ್ಲಿನ ಥರ ಬಾಗ್ತದೆ, ಯಾಕೆ?

ಮಂಡ್ಯ_ರೇಡಿಯೋ:
ಎಲ್ರಿಗೂ ನಮಸ್ಕಾರ. ಪಾರ್ಕ್ಸ್ ಟೆಲಿಸ್ಕೋಪಿನ ಹಳೇ ಡೇಟಾ ಆರ್ಕೈವಲ್ಲಿ ಫ್ರೀಯಾಗಿ ಸಿಗ್ತದಲ್ಲ, ಅದ್ರಲ್ಲಿ ಜೆ0437-4715 ಪಲ್ಸಾರ್‌ದು (ಗಿರ್ರನೆ ತಿರುಗ್ತಾ ರೇಡಿಯೋ ಮಿಡಿತ ಕಳ್ಸೋ ಸತ್ತ ನಕ್ಷತ್ರ) ಒಂದ್ ಗಂಟೆ ಫೈಲ್ ಇಳಿಸ್ಕೊಂಡು ಪ್ರೆಸ್ಟೋ ಅನ್ನೋ ಸಾಫ್ಟ್‌ವೇರಲ್ಲಿ ಫೋಲ್ಡ್ ಮಾಡ್ತಾ ಇವ್ನಿ, ಅಂದ್ರೆ ಪೀರಿಯಡ್ (ಒಂದು ಸುತ್ತಿನ ಟೈಮು) ಲೆಕ್ಕದಲ್ಲಿ ಪಲ್ಸ್‌ಗಳ್ನ ಒಂದ್ರ ಮೇಲೊಂದು ಪೇರಿಸ್ತಾ ಇವ್ನಿ. ಮೊದಲ್ನೇ ಹತ್ತು ನಿಮಿಷ ಮಾತ್ರ ತಗೊಂಡು ಪೀರಿಯಡ್ ಹುಡುಕ್ಸಿದ್ರೆ ಪಲ್ಸ್ ಚೂಪಾಗಿ ಬತ್ತದೆ, ಅದೇ ಪೀರಿಯಡ್ ಪೂರ್ತಿ ಗಂಟೆಗೆ ಹಾಕಿದ್ರೆ ಟೈಮ್ ಪ್ಲಾಟಲ್ಲಿ ಪಲ್ಸಿನ ಗೆರೆ ಬಿಲ್ಲಿನ ಥರ ಬಾಗಿ ಪ್ರೊಫೈಲ್ (ಪಲ್ಸಿನ ಆಕಾರ) ಎಲ್ಲಾ ಕಲಸೋಯ್ತದೆ. ಡಿಎಂ (ದಾರೀಲಿರೋ ಎಲೆಕ್ಟ್ರಾನ್‌ಗಳಿಂದ ಕಮ್ಮಿ ಫ್ರೀಕ್ವೆನ್ಸಿ ತಡ ಆಗೋದ್ರ ಅಳತೆ) 2.64 ಕೊಟ್ಟಿವ್ನಿ. ಡಿಎಂ ಪ್ರಾಬ್ಲಮ್ಮಾ, ಗಡಿಯಾರದ್ದಾ?

ಮೈಸೂರು_ಪಲ್ಸಾರ್:
ಎರಡೂ ಅಲ್ಲ ಕಣಪ್ಪ. ಡಿಎಂ ತಪ್ಪಿದ್ರೆ ಫ್ರೀಕ್ವೆನ್ಸಿ ಪ್ಲಾಟಲ್ಲಿ ಗೆರೆ ವಾಲುತ್ತೆ, ಪೀರಿಯಡ್ ತಪ್ಪಿದ್ರೆ ಟೈಮ್ ಪ್ಲಾಟಲ್ಲಿ ನೇರವಾಗೇ ವಾಲುತ್ತೆ. ಬಾಗಿದೆ ಅಂದ್ರೆ ಪೀರಿಯಡ್ಡೇ ಬದಲಾಗ್ತಾ ಇದೆ ಅಂತ. ಪಲ್ಸಾರ್ ತಾನಾಗಿ ನಿಧಾನ ಆಗೋದು ಇದಕ್ಕಿಂತ ಕೋಟಿಗಟ್ಟಲೆ ಪಟ್ಟು ಕಮ್ಮಿ, ಅದು ಕಾಣೋದೇ ಇಲ್ಲ. ಇದು ಜೊತೆಗಿರೋ ಶ್ವೇತ ಕುಬ್ಜದ (ಇನ್ನೊಂದು ಥರದ ಸತ್ತ ನಕ್ಷತ್ರ) ಕೆಲಸ, ಅದರ ಎಳೆತಕ್ಕೆ ಪಲ್ಸಾರ್ ನಮಗೆ ಹತ್ತಿರ-ದೂರ ಆಗ್ತಾ ಇರುತ್ತೆ. ಎರಡೂ 5.74 ದಿನಕ್ಕೊಂದು ಸುತ್ತು ಹಾಕ್ತವೆ, ನಮ್ಮ ಕಡೆಯಿಂದ ನೋಡಿದ್ರೆ ಪಲ್ಸಾರಿನ ಕಕ್ಷೆಯ ತ್ರಿಜ್ಯ 3.37 ಲೈಟ್ ಸೆಕೆಂಡ್ (ಬೆಳಕು ಅಷ್ಟು ಸೆಕೆಂಡಲ್ಲಿ ಹೋಗೋ ದೂರ). ಲೆಕ್ಕ ಹಾಕಿ ನೋಡು, ವೇಗೋತ್ಕರ್ಷ ಜಾಸ್ತಿ ಇರೋ ಜಾಗದಲ್ಲಿ ಹತ್ತು ನಿಮಿಷಕ್ಕೆ ಪಲ್ಸ್ ಸುಮಾರು 0.1 ಮಿಲಿಸೆಕೆಂಡ್ ಸರಿಯುತ್ತೆ, ಒಂದು ಗಂಟೆಗೆ ಅದೇ 3.5 ಮಿಲಿಸೆಕೆಂಡ್, ಪೀರಿಯಡ್ಡೇ 5.757 ಇರೋವಾಗ ಅರ್ಧಕ್ಕಿಂತ ಹೆಚ್ಚು ಆಯ್ತಲ್ಲ! ಬರೀ ಪೀರಿಯಡ್ ಕೊಡಬೇಡ, ಬೈನರಿ (ಜೋಡಿ ಕಕ್ಷೆಯ) ಸಾಲುಗಳಿರೋ ಪಾರ್ ಫೈಲ್, ಅಂದ್ರೆ ಆ ಪಲ್ಸಾರಿನ ಅಳತೆಗಳ ಪಟ್ಟಿ, ತಗೊಂಡು ಪ್ರೆಸ್ಟೋದ ಪ್ರೆಪ್‌ಫೋಲ್ಡಿಗೆ ಟೈಮಿಂಗ್ ಆಪ್ಷನ್ನಲ್ಲಿ ಕೊಡು.

ಕುಕ್ಕರಹಳ್ಳಿ_ಮೇಡಂ:
ಒಂದು ಮಾತು ಸೇರಿಸ್ತೀನಿ. ಮಿಲಿಸೆಕೆಂಡ್ ಪಲ್ಸಾರ್ ಅಂದ್ರೆ ಮೊದಲು ಬೈನರಿ ಇದೆಯಾ ಅಂತಲೇ ನೋಡಬೇಕು, ಯಾಕಂದ್ರೆ ಜೊತೆಗಾರನಿಂದ ದ್ರವ್ಯ ಸುರಿದೇ ಇವು ಇಷ್ಟು ಜೋರಾಗಿ ತಿರುಗೋಕೆ ಶುರು ಮಾಡಿರೋದು. 1982ರಲ್ಲಿ ಮೊದಲ ಮಿಲಿಸೆಕೆಂಡ್ ಪಲ್ಸಾರ್ ಸಿಕ್ಕ ವರ್ಷವೇ ಈ ವಿವರಣೆ ಕೊಟ್ಟವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ರಾಧಾಕೃಷ್ಣನ್ ಮತ್ತು ಶ್ರೀನಿವಾಸನ್ ಇದ್ರು, ಆ ಮೊದಲ ಪಲ್ಸಾರ್ ಕಂಡುಹಿಡಿದ ಟೀಮಲ್ಲಿ ಹುಬ್ಬಳ್ಳೀಲಿ ಓದಿದ ಶ್ರೀನಿವಾಸ ಕುಲಕರ್ಣಿ ಇದ್ರು. ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕು.

ಮಂಡ್ಯ_ರೇಡಿಯೋ:
ಅಣ್ಣ, ಪಾರ್ ಫೈಲ್ ಹಾಕ್ದೆ, ಗೆರೆ ನೆಟ್ಟಗಾಯ್ತು! ಪಲ್ಸ್ ಎಷ್ಟು ಚೆಂದ ಬಂತು ಅಂದ್ರೆ ಪಕ್ಕದಲ್ಲಿರೋ ಸಣ್ಣ ಉಬ್ಬುಗಳೂ ಕಾಣ್ತವೆ. ಮೇಡಂ, ನಿಮ್ಗೂ ಥ್ಯಾಂಕ್ಸ್. ಮುಂದೆ ಬಿ1957+20 ಪಲ್ಸಾರ್ ಮಾಡ್ಲಾ?

ಮೈಸೂರು_ಪಲ್ಸಾರ್:
ಮಾಡು, ಆದ್ರೆ ಅದು 1.6 ಮಿಲಿಸೆಕೆಂಡ್, ಕಕ್ಷೆ ಬರೀ 9.2 ಗಂಟೆ, ಅದ್ರಲ್ಲೂ ಕಮ್ಮಿ ಫ್ರೀಕ್ವೆನ್ಸೀಲಿ ಸುಮಾರು 50 ನಿಮಿಷ ಜೊತೆಗಾರನ ಗ್ಯಾಸಿನ ಹಿಂದೆ ಮರೆಯಾಗುತ್ತೆ, ಆಗ ಸಿಗ್ನಲ್ ಹೋಯ್ತು ಅಂತ ಗಾಬರಿ ಬೀಳ್ಬೇಡ. ಅದರ ಕಕ್ಷೆಯ ಅವಧಿಯೂ ಅಷ್ಟಿಷ್ಟು ಏರುಪೇರಾಗುತ್ತೆ, ಹಂಗಾಗಿ ಡೇಟಾ ತೆಗೆದ ದಿನಕ್ಕೆ ಹತ್ತಿರದ ಪಾರ್ ಫೈಲೇ ಹುಡುಕು.