ಬಯಲು, ಬೈಲು ಎರಡೂ ಒಂದೇ ಪದವಾ?

ಎಲ್ಲರಿಗೂ ನಮಸ್ಕಾರ.

ನನ್ನ ತವರು ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಹತ್ತಿರ. ಮದುವೆಯಾಗಿ ಬಂದಿದ್ದು ಮಲೆನಾಡಿನ ಕೊಪ್ಪದ ಕಡೆಗೆ. ಹೊಸದರಲ್ಲಿ ಒಂದು ದಿನ ಮಾವ ಎಲ್ಲಿ ಅಂತ ಕೇಳಿದೆ. "ಬೈಲಿಗೆ ಹೋಗಿದಾರೆ" ಅಂದರು ಅತ್ತೆ. ನಮ್ಮ ಕಡೆ "ಬಯಲ ಕಡೆ ಹೋಗಿದಾರೆ" ಅಂದರೆ ಬೇರೆಯೇ ಅರ್ಥ. ಹಾಗಾಗಿ ಸುಮ್ನಾದೆ. ಅತ್ತೆ ಹೇಳಿದ್ದು ಗದ್ದೆಯ ಮಾತು.

ತವರಿನಲ್ಲಿ ಬಯಲು ಅಂದರೆ ಕಣ್ಣು ಹಾಯುವಷ್ಟು ದೂರ ಹರಡಿದ ನೆಲ. ಇಲ್ಲಿ ಬೈಲು ಅಂದರೆ ಎರಡು ಗುಡ್ಡದ ನಡುವಿನ ತಗ್ಗು, ಒಂದು ಹಳ್ಳ, ಅದರ ಆಚೀಚೆ ಗದ್ದೆ. ಈ ಅಂಚಿನಲ್ಲಿ ಕೂಗಿದರೆ ಆ ಅಂಚಿಗೆ ಕೇಳುತ್ತದೆ. ಮೊದಲು ಇವು ಬೇರೆ ಬೇರೆ ಪದ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಮರೆ ಇಲ್ಲದ್ದೇ ಬಯಲು ಅಲ್ವಾ? ಗುಟ್ಟು ಬಯಲಾಯಿತು ಅನ್ನುತ್ತೇವಲ್ಲ, ಹಾಗೆ. ಸುತ್ತ ಕಾಡು, ತೋಟ ಇರುವಲ್ಲಿ ಆಕಾಶ ಪೂರ್ತಿ ಕಾಣುವುದು ಗದ್ದೆಯಲ್ಲಿ ಮಾತ್ರ.

ನಾನು ಮುಖ್ಯವಾಗಿ ಕೇಳಬೇಕೆಂದಿರುವುದು ಇನ್ನೊಂದು ಬಳಕೆಯ ಬಗ್ಗೆ: ಇಲ್ಲಿ ಬೈಲು ಅಂದರೆ ಜನರೂ ಹೌದು. ಅದಕ್ಕೆ ಮೊದಲು ನೆಲದ ಮಾತು ಹೇಳಬೇಕು. ತವರಿಗೂ ಕೊಪ್ಪಕ್ಕೂ ನಡುವೆ ಬಾಬಾಬುಡನ್‌ಗಿರಿ ಸಾಲಿದೆ, ಅದರಲ್ಲಿನ ಮುಳ್ಳಯ್ಯನಗಿರಿಯೇ 1,930 ಮೀಟರ್ ಎತ್ತರ. ಮುಂಗಾರು ಮೋಡ ಪಡುವಣ ಮಗ್ಗುಲಲ್ಲೇ ಜಾಸ್ತಿ ಸುರಿದುಬಿಡುತ್ತದೆ. ಮೂಡಲಿಗಿರುವ ನಮ್ಮ ತವರಿಗೆ ಅಯ್ಯನಕೆರೆಯಂಥ ಕೆರೆಗಳೇ ಆಸರೆ. ಅಲ್ಲಿ ಮನೆಗಳು ಗೋಡೆಗೆ ಗೋಡೆ ಸೇರಿಸಿಕೊಂಡು ಒಂದೇ ಕಡೆ ಇರುತ್ತವೆ. ಇಲ್ಲಿ ನೀರಿಗೆ ಕೊರತೆಯಿಲ್ಲ, ಸಮತಟ್ಟು ಜಾಗಕ್ಕೆ ಕೊರತೆ. ಇರುವ ತಗ್ಗನ್ನು ಗದ್ದೆಗೆ ಬಿಟ್ಟು, ಗುಡ್ಡದ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಮನೆ ಕಟ್ಟಿದ್ದಾರೆ. ಹಿಂದೆ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು.

ಹಾಗಾಗಿ ನಮ್ಮತ್ತೆಯ ಬಾಯಲ್ಲಿ "ನಮ್ಮ ಬೈಲಿನವರು" ಅಂದರೆ ಒಂದೇ ಹಳ್ಳದ ನೀರು ಉಣ್ಣುವ ಗದ್ದೆಗಳ ಮನೆಯವರು. ನಾಟಿಗೆ ಬರುವವರು ಅವರೇ, ಸಾವಿಗೆ ಮೊದಲು ಓಡಿ ಬರುವವರೂ ಅವರೇ. ಗುಡ್ಡದ ಬೆನ್ನಿಗಿರುವ ಮನೆ ಹತ್ತಿರವಿದ್ದರೂ "ಅದು ಆಚೆ ಬೈಲು" ಅನ್ನುತ್ತಾರೆ. ನೆಲದ ಹೆಸರು ಜನರ ಹೆಸರೂ ಆಗಿದೆ. ನನಗೆ ಇದು ತುಂಬಾ ಇಷ್ಟ.

ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ಗದ್ದೆಗಳನ್ನೇ ಬೆಟ್ಟು (ಎತ್ತರದ್ದು), ಮಜಲು (ನಡುವಿನದು), ಬೈಲು ಅಂತ ವಿಂಗಡಿಸುತ್ತಾರೆ. ಬೈಲು ಎಲ್ಲಕ್ಕಿಂತ ಕೆಳಗಿನದು, ನೀರು ನಿಲ್ಲುವಂಥದ್ದು.

ಮೂಡಿಗೆರೆ, ಸಕಲೇಶಪುರದವರು ಹೇಳಿ: ನಿಮ್ಮಲ್ಲೂ ಬೈಲು ಅಂದರೆ ಜನರೂ ಸೇರುತ್ತಾರಾ, ಇಲ್ಲಾ ಬರೀ ಗದ್ದೆಯಾ? ಬೇಲೂರು, ಆಲೂರಿನ ಕಡೆ ಗುಡ್ಡಗಳು ಸಣ್ಣದಾಗುತ್ತಾ ಬರುತ್ತವೆ. ಅಲ್ಲಿ ಯಾವ ಊರಿನಿಂದಾಚೆ ಬೈಲು ಹೋಗಿ ಬಯಲಾಗುತ್ತದೆ? ಮನೆಯ ಹಿರಿಯರನ್ನು ಕೇಳಿ ಬರೆದರೆ ದೊಡ್ಡ ಉಪಕಾರ.