ಬೆಳೆ ಹಾನಿ ಪರಿಹಾರದ ಊರ ಪಟ್ಟಿ: ಮೊತ್ತ ಸರಿಯಿದೆಯೇ ಎಂದು ತಾಳೆ ನೋಡುವುದು ಹೇಗೆ?

ಕೆಂಪುಮಣ್ಣು:
2023ರ ಮುಂಗಾರಿನ ಬರ ಪರಿಹಾರದ ಗ್ರಾಮವಾರು ಪಟ್ಟಿ ಕೈಯಲ್ಲಿದೆ. ಹೆಸರು, ಮೊತ್ತ ಇವೆ. ಯಾವ ಸರ್ವೆ ನಂಬರಿಗೆ, ಯಾವ ಬೆಳೆಗೆ ಎಂಬುದಿಲ್ಲ. ಐದು ಎಕರೆ ಖುಷ್ಕಿ (ಮಳೆಯಾಶ್ರಿತ ಜಮೀನು) ಇರುವವರಿಗೂ ಎಂಟು ಎಕರೆಯವರಿಗೂ ಒಂದೇ ಮೊತ್ತ ಬಂದಿದೆ. ಇದು ಸರಿಯೇ? ಸರ್ವೆ ನಂಬರುವಾರು ವಿವರ ಕೇಳಿದರೆ 'ವೈಯಕ್ತಿಕ ಮಾಹಿತಿ' ಎಂದು ತಳ್ಳಿಹಾಕಬಹುದೇ?

ಗುಂಟೆಲೆಕ್ಕ:
ಒಂದೇ ಮೊತ್ತ ಬಂದಿರುವುದರಲ್ಲಿ ಮೋಸವೇನಿಲ್ಲ. 2023ರಲ್ಲಿ ದರ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂ. ಹಾನಿ ಕನಿಷ್ಠ ಶೇ 33 ಇರಬೇಕಿತ್ತು, ಒಬ್ಬರಿಗೆ 2 ಹೆಕ್ಟೇರ್ ತನಕ ಮಾತ್ರ. 2 ಹೆಕ್ಟೇರ್ ಅಂದರೆ ಸುಮಾರು 4 ಎಕರೆ 38 ಗುಂಟೆ. ಐದು ಎಕರೆಗೇ ಮಿತಿ ಮುಟ್ಟಿತು, ಇಬ್ಬರಿಗೂ 17,000. ಅದಕ್ಕಿಂತ ಕಡಿಮೆ ಜಮೀನಿದ್ದರೆ ಖುಷ್ಕಿಗೆ ಗುಂಟೆಗೆ 86 ರೂ. ಹಿಡಿಯಿರಿ: 3 ಎಕರೆ 20 ಗುಂಟೆಗೆ 12,040 ಆಸುಪಾಸು. ಆ ವರ್ಷ ಮೊದಲ ಕಂತಾಗಿ 2,000ದವರೆಗೆ ಕೊಟ್ಟು, ಉಳಿದದ್ದನ್ನು ಕೇಂದ್ರದ ಹಣ ಬಂದಮೇಲೆ ಹಾಕಿದ್ದರು. ಪಟ್ಟಿಯಲ್ಲಿ ಎರಡೂ ಕಂತಿನ ಸಾಲು ಕೂಡಿಸದೆ ನೋಡಿದರೆ ಲೆಕ್ಕ ತಪ್ಪುತ್ತದೆ.

ನಿಜವಾಗಿ ಅನುಮಾನ ಪಡಬೇಕಾದ್ದು ಖುಷ್ಕಿ ಜಮೀನಿಗೆ ನೀರಾವರಿ ದರ ಬಿದ್ದ ಕಡೆ. ಮೊತ್ತ ಸರಿಯಾಗಿ ಇಮ್ಮಡಿಯಾಗಿದ್ದರೆ ಅಲ್ಲಿ ನಿಲ್ಲಿ.

ಬದುವಿನಬೇಲಿ:
ಹಾಗೆ ನಿಂತ ಹೆಸರುಗಳಿಗೆ ಬೆಳೆ ದರ್ಶಕ್ ಆ್ಯಪ್ ತೆರೆಯಿರಿ. ವರ್ಷ, ಋತು, ಊರು, ಸರ್ವೆ ನಂಬರ್ ಕೊಟ್ಟರೆ ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ, ವಿಸ್ತೀರ್ಣ, ಹೊಲದ ಫೋಟೊ ಬರುತ್ತವೆ. ಅದನ್ನು ಪಹಣಿಯ ಪಕ್ಕಕ್ಕಿಡಿ. ಪರಿಹಾರ ಹೋಗುವುದು ಸಮೀಕ್ಷೆಯ ಬೆಳೆ ಮತ್ತು ಫ್ರೂಟ್ಸ್ ಐಡಿಗೆ (ರೈತರ ನೋಂದಣಿ ಸಂಖ್ಯೆ, ಎಫ್ಐಡಿ) ಸೇರಿಸಿದ ಸರ್ವೆ ನಂಬರುಗಳ ಮೇಲೆ. ನಾಲ್ಕು ತುಂಡು ಜಮೀನಿದ್ದು ಎಫ್ಐಡಿಯಲ್ಲಿ ಎರಡೇ ಇದ್ದರೆ ಎರಡಕ್ಕೇ ಹಣ. ತೊಗರಿ ನಿಂತ ಹೊಲ 'ಬೀಳು' ಎಂದು ದಾಖಲಾಗಿದ್ದರೆ ಸೊನ್ನೆ. ಪೌತಿ ಖಾತೆ ಆಗದೆ ತೀರಿಹೋದವರ ಹೆಸರಲ್ಲೇ ಉಳಿದ ಜಮೀನು, ಹಿಸ್ಸೆ ಬೇರ್ಪಡದ ಜಂಟಿ ಖಾತೆ, ಇವೂ ಪಟ್ಟಿಯಿಂದ ಬಿಟ್ಟುಹೋಗಬಹುದು. ಸಮೀಕ್ಷೆ ತಪ್ಪಿದ್ದರೆ ಅದೇ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಬೇಕು, ಅದೂ ಅವಧಿಯೊಳಗೆ. ಹಣ ಬಿಡುಗಡೆಯಾದ ಮೇಲೆ ಹಾಕಿದರೆ ಮಳೆ ನಿಂತ ಮೇಲೆ ಕೊಡೆ ಹಿಡಿದಂತೆ.

ಕಲಂ ನಾಲ್ಕು:
ಆರ್‌ಟಿಐ (ಮಾಹಿತಿ ಹಕ್ಕು ಕಾಯ್ದೆ) ವಿಚಾರ. 2025ರ ನವೆಂಬರ್‌ನಿಂದ ಅದರ ಕಲಂ 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿಯ ವಿನಾಯಿತಿ, ಬಿಗಿಯಾಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ತಿದ್ದುಪಡಿಯಿಂದಾಗಿ 'ವೈಯಕ್ತಿಕ' ಎಂದಷ್ಟೇ ಹೇಳಿ ನಿರಾಕರಿಸಲು ದಾರಿ ಸಿಕ್ಕಿದೆ. ಹಾಗಾಗಿ ವ್ಯಕ್ತಿಯನ್ನು ಬಿಟ್ಟು ಜಮೀನನ್ನು ಕೇಳಿ: "... ಗ್ರಾಮದಲ್ಲಿ 2023ರ ಮುಂಗಾರು ಇನ್‌ಪುಟ್ ಸಬ್ಸಿಡಿಯ ಸರ್ವೆ ನಂಬರುವಾರು ಪಟ್ಟಿ: ಬೆಳೆ, ಹಾನಿ ವಿಸ್ತೀರ್ಣ, ಅನ್ವಯಿಸಿದ ದರ, ಮೊತ್ತ." ಆಧಾರ್, ಖಾತೆ ಸಂಖ್ಯೆ ಬೇಡವೆಂದು ಬರೆದುಬಿಡಿ. 'ಇನ್‌ಪುಟ್ ಸಬ್ಸಿಡಿ' (ಬೆಳೆ ಹಾನಿ ಪರಿಹಾರಕ್ಕೆ ಸರ್ಕಾರಿ ಹೆಸರು) ಎಂಬ ಪದ ಬಿಡಬೇಡಿ. ಸಬ್ಸಿಡಿ ಕಾರ್ಯಕ್ರಮಗಳ ಮೊತ್ತ, ಫಲಾನುಭವಿ ವಿವರವನ್ನು ಕೇಳದೆಯೇ ಪ್ರಕಟಿಸಬೇಕೆಂದು ಕಲಂ 4(1)(ಬಿ)(xii) ಹೇಳುತ್ತದೆ. 8(2)ರ ಸಾರ್ವಜನಿಕ ಹಿತಾಸಕ್ತಿಯ ಮಾತನ್ನೂ ಒಂದು ಸಾಲಲ್ಲಿ ಸೇರಿಸಿ.

ಅರ್ಜಿ ತಹಶೀಲ್ದಾರ್ ಕಚೇರಿಗೆ, ಶುಲ್ಕ 10 ರೂ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಎರಡು ವರ್ಷದ್ದನ್ನು ಒಟ್ಟಿಗೆ ತುರುಕಿದರೆ ಆ ನೆಪದಲ್ಲೇ ವಾಪಸ್ ಬರಬಹುದು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಗುಂಟೆಲೆಕ್ಕ:
ಇನ್ನೊಂದು. ಪಟ್ಟಿಯಲ್ಲಿ ಹಣ ಪಾವತಿಯಾಗಿದೆ ಅಂತಿದ್ದು ರೈತ ಬಂದಿಲ್ಲ ಅಂದರೆ ತಕ್ಷಣ ಗ್ರಾಮ ಆಡಳಿತ ಅಧಿಕಾರಿಯ ಮೇಲೆ ಹೋಗಬೇಡಿ. ಹಣ ಬೀಳುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಯಾವುದೋ ಸಾಲಕ್ಕೆಂದು ತೆರೆದು ಮರೆತ ಪಾಸ್‌ಬುಕ್ಕನ್ನು ಮೊದಲು ನೋಡಿಸಿ.