ವಿಡಿಯೊ ರೆಂಡರ್ ನಡೆಯುವಾಗ ಟೈಪಿಂಗ್ ತಡವರಿಸುತ್ತದೆ: ನೈಸ್ 19 ಏಕೆ ಸಾಲಲಿಲ್ಲ?

ಪ್ರಶ್ನೆ (ಪಿ.ಜೆ. ಬಡಾವಣೆ, ದಾವಣಗೆರೆ): ನಮ್ಮ ಸ್ಟುಡಿಯೊದಲ್ಲಿರುವುದು ನಾಲ್ಕು ಕೋರ್‌ಗಳ ಒಂದೇ ಲಿನಕ್ಸ್ ಯಂತ್ರ. ಟರ್ಮಿನಲ್‌ನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶಕ್ಕೆ ಮದುವೆಯ ವಿಡಿಯೊ ಕೊಟ್ಟು, ಅದು ಮುಗಿಯುವವರೆಗೆ ಅದೇ ಯಂತ್ರದಲ್ಲಿ ಲಗ್ನಪತ್ರಿಕೆಗಳ ಡಿಟಿಪಿ ಮಾಡುತ್ತೇವೆ. ಆಗ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವುದು ತಡವಾಗುತ್ತದೆ. ಅದರ ನೈಸ್ ಮೌಲ್ಯವನ್ನು (ಇದು ಏರಿದಷ್ಟೂ ಪ್ರಕ್ರಿಯೆಯ ಆದ್ಯತೆ ಇಳಿಯುತ್ತದೆ) 19ಕ್ಕೆ ಏರಿಸಿದರೂ ವ್ಯತ್ಯಾಸ ಕಾಣಲಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ (ದಾವಣಗೆರೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುವವರಿಂದ): ಸರ್, ನೈಸ್ 19 ಕಡಿಮೆ ಪ್ರಭಾವದ ಮೌಲ್ಯವೇನಲ್ಲ. ಸಾಮಾನ್ಯವಾಗಿ ಇರುವ ನೈಸ್ 0ರ ಪ್ರಕ್ರಿಯೆಯ ತೂಕ (ಸಿಪಿಯು ಸಮಯದ ಪಾಲನ್ನು ನಿರ್ಧರಿಸುವ ಸಂಖ್ಯೆ) 1024 ಆದರೆ ನೈಸ್ 19ರದು ಬರೀ 15. ಒಂದೇ ಕೋರ್‌ಗಾಗಿ ಎರಡೂ ನೇರವಾಗಿ ಪೈಪೋಟಿಗೆ ಇಳಿದರೆ ಎರಡನೆಯದಕ್ಕೆ ಶೇ 1.5ರಷ್ಟೂ ಸಮಯ ಸಿಗದು. ಆದರೆ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ, 2011ರಲ್ಲಿ ಬಂದ 2.6.38ನೇ ಆವೃತ್ತಿಯಿಂದ ಆಟೋಗ್ರೂಪ್ ಎಂಬ ವ್ಯವಸ್ಥೆಯಿದೆ. ಅದು ಚಾಲೂ ಇದ್ದಾಗ ಪ್ರತಿ ಸೆಷನ್‌ನ (ಉದಾಹರಣೆಗೆ ಒಂದು ಟರ್ಮಿನಲ್‌ನ) ಪ್ರಕ್ರಿಯೆಗಳು ಒಂದು ಗುಂಪಾಗುತ್ತವೆ, ಸಿಪಿಯು ಸಮಯ ಮೊದಲು ಗುಂಪುಗಳ ನಡುವೆ ಹಂಚಿಕೆಯಾಗುತ್ತದೆ, ಆಮೇಲಷ್ಟೇ ಗುಂಪಿನೊಳಗೆ ನೈಸ್ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಟರ್ಮಿನಲ್‌ನ ಗುಂಪಿನಲ್ಲಿ ಎಫ್‌ಎಫ್‌ಎಂಪೆಗ್ ಹೆಚ್ಚುಕಡಿಮೆ ಒಂಟಿಯಾಗಿರುವುದರಿಂದ ಅದರ 19ಕ್ಕೆ ಎದುರಾಳಿಯೇ ಇಲ್ಲ. ಇಡೀ ಗುಂಪು ಮಾತ್ರ ಡಿಟಿಪಿಯ ಗುಂಪಿಗೆ ಸರಿಸಮನಾಗಿ ನಿಲ್ಲುತ್ತದೆ. ಲಿನಕ್ಸ್‌ನ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿ ತನ್ನದೇ ಸಿಗ್ರೂಪ್‌ಗಳನ್ನು (ಪ್ರಕ್ರಿಯೆಗಳ ಗುಂಪುಗಳನ್ನು) ಕಟ್ಟುವ ಈಚಿನ ವಿತರಣೆಗಳಲ್ಲೂ ಪರಿಣಾಮ ಬಹುಮಟ್ಟಿಗೆ ಇದೇ.

ಆದ್ದರಿಂದ ತೂಕವನ್ನು ಗುಂಪಿಗೇ ಕೊಡಬೇಕು. ಸಿಸ್ಟಮ್‌ಡಿ-ರನ್ ಆದೇಶದ ಮೂಲಕ ಯೂಸರ್ ಸ್ಕೋಪ್ ಒಂದರಲ್ಲಿ, ಅಂದರೆ ಪ್ರತ್ಯೇಕ ಗುಂಪಿನಲ್ಲಿ, ರೆಂಡರ್ ಆರಂಭಿಸಿ, ಆ ಗುಂಪಿನ ತೂಕವಾದ ಸಿಪಿಯುವೆಯ್ಟ್ ಅನ್ನು 10 ಎಂದು ಇಡಿ. ಬೇರೇನೂ ಹೇಳದಿದ್ದರೆ ಎಲ್ಲ ಗುಂಪುಗಳಿಗೂ ಇರುವುದು 100. ಕೆಲವರು ಸಿಪಿಯುಕೋಟಾ ಹಾಕಿ ಮಿತಿ ಕಟ್ಟಲು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಕೋಟಾ ಹಾಕಿದರೆ ನೀವು ಅಂಗಡಿ ಮುಚ್ಚಿ ಮನೆಗೆ ಹೋದ ಮೇಲೂ ರೆಂಡರ್ ಅದೇ ಮಿತಿಯೊಳಗೆ ತೆವಳುತ್ತದೆ. ತೂಕ ಹಾಗಲ್ಲ, ಬೇರೆಯವರಿಗೆ ಕೆಲಸವಿಲ್ಲದಾಗ ಯಂತ್ರವನ್ನು ಪೂರ್ತಿಯಾಗಿ ಬಳಸಿಕೊಳ್ಳಲು ಬಿಡುತ್ತದೆ.

ಉತ್ತರ (ಚಿತ್ರದುರ್ಗದ ಪ್ರಿಂಟಿಂಗ್ ಪ್ರೆಸ್‌ನಿಂದ): ನಮ್ಮಲ್ಲೂ ಇದೇ ತೊಂದರೆ ಇತ್ತು, ಆದರೆ ಕಾರಣ ಸಿಪಿಯು ಆಗಿರಲಿಲ್ಲ. ರ್‍ಯಾಮ್ ತುಂಬಿ, ಹಳೆಯ ಹಾರ್ಡ್ ಡಿಸ್ಕ್‌ನ ಮೇಲಿನ ಸ್ವಾಪ್‌ಗೆ (ರ್‍ಯಾಮ್ ಸಾಲದಾಗ ಬಳಸುವ ಜಾಗಕ್ಕೆ) ಮೆಮೊರಿಯ ಪುಟಗಳು ಹೋಗಿ ಬರುತ್ತಿದ್ದವು. 4.20ನೇ ಕರ್ನೆಲ್‌ನಿಂದ ಈಚೆಗೆ ಪ್ರಾಕ್‌ನ ಪ್ರೆಶರ್ (/proc/pressure) ಎಂಬ ಕಡತಕೋಶದಲ್ಲಿ ಸಿಪಿಯು, ಮೆಮೊರಿ, ಐಒ (ಡಿಸ್ಕ್‌ನಂಥವುಗಳ ಓದು-ಬರಹ) ಎಂಬ ಮೂರು ಕಡತಗಳಿದ್ದು, ಪ್ರಕ್ರಿಯೆಗಳು ಯಾವುದಕ್ಕಾಗಿ ಎಷ್ಟು ಹೊತ್ತು ಕಾಯುತ್ತಿವೆ ಎಂಬುದನ್ನು ಶೇಕಡಾವಾರು ತೋರಿಸುತ್ತವೆ. ಮೆಮೊರಿಯ ಅಂಕಿಯೇ ಏರಿದ್ದರೆ ಮೇಲಿನ ಉತ್ತರದಿಂದ ನಿಮಗೆ ಲಾಭವಾಗದು, ರ್‍ಯಾಮ್ ಹಾಕಿಸಿ.

ಉತ್ತರ (ದಾವಣಗೆರೆ, ವಿದ್ಯಾನಗರ): ಕರ್ನೆಲ್ ಆವೃತ್ತಿಯನ್ನೂ ನೋಡಿಕೊಳ್ಳಿ. 2007ರ ಅಕ್ಟೋಬರ್‌ನಲ್ಲಿ 2.6.23ರೊಂದಿಗೆ ಬಂದ ಇಂಗೊ ಮೊಲ್ನಾರ್ ಅವರ ಸಿಎಫ್‌ಎಸ್ ಎಂಬ ಶೆಡ್ಯೂಲರ್ (ಯಾವ ಪ್ರಕ್ರಿಯೆ ಯಾವಾಗ ಓಡಬೇಕೆಂದು ನಿರ್ಧರಿಸುವ ಭಾಗ), ಯಾರು ಕಡಿಮೆ ಓಡಿದ್ದಾರೋ ಅವರನ್ನು ಮೊದಲು ಓಡಿಸುತ್ತಿತ್ತು. (ನ್ಯಾಯವಾದ ಹಂಚಿಕೆಯೇ ಡೆಸ್ಕ್‌ಟಾಪ್‌ಗೆ ಸಾಕೆಂದು ಅದಕ್ಕೂ ಮೊದಲು ಮಾಡಿ ತೋರಿಸಿದ ಕಾನ್ ಕೊಲಿವಾಸ್ ವೃತ್ತಿಯಲ್ಲಿ ಅರಿವಳಿಕೆ ವೈದ್ಯರು!) ಸಿಎಫ್‌ಎಸ್ ಪಾಲನ್ನು ಸರಿಯಾಗಿ ಅಳೆಯುತ್ತಿತ್ತು, ಆದರೆ ನನಗೆ ಸ್ವಲ್ಪವೇ ಸಾಕು, ಬೇಗ ಬೇಕು ಎಂದು ಹೇಳಿಕೊಳ್ಳಲು ಪ್ರಕ್ರಿಯೆಗೆ ದಾರಿಯಿರಲಿಲ್ಲ. 2023ರ 6.6ನೇ ಕರ್ನೆಲ್‌ನಿಂದ ಅದರ ಜಾಗಕ್ಕೆ ಇಇವಿಡಿಎಫ್ ಎಂಬ ಶೆಡ್ಯೂಲರ್ ಬಂದಿದೆ. ಅದರಲ್ಲಿ ತನ್ನ ಪಾಲಿಗಿಂತ ಹೆಚ್ಚು ಓಡಿದ ಪ್ರಕ್ರಿಯೆ ಹೊರಗೆ ಕಾಯುತ್ತದೆ, ಅರ್ಹತೆಯುಳ್ಳವುಗಳಲ್ಲಿ ಯಾರ ಗಡುವು ಹತ್ತಿರವೋ ಅದು ಓಡುತ್ತದೆ; ಚಿಕ್ಕ ಸ್ಲೈಸ್ (ಒಂದು ಸರದಿಯಲ್ಲಿ ಓಡುವ ಸಮಯ) ಕೇಳಿದ ಪ್ರಕ್ರಿಯೆಗೆ ಪಾಲು ಹೆಚ್ಚದೆಯೇ ಗಡುವು ಹತ್ತಿರವಾಗುತ್ತದೆ. ಹಾಗೆ ಕೇಳುವ ಸೌಲಭ್ಯ ಬಂದದ್ದು 6.12ರಲ್ಲಿ, ಡಿಟಿಪಿ ತಂತ್ರಾಂಶಗಳು ಅದನ್ನು ತಾವಾಗಿಯೇ ಬಳಸುತ್ತವೆಂದು ನಂಬಬೇಡಿ. ಸದ್ಯಕ್ಕೆ ಗುಂಪಿನ ತೂಕ ಬದಲಾಯಿಸಿ ನೋಡಿ. ಕರ್ನೆಲ್ ಏರಿಸುವುದಿದ್ದರೆ ಮದುವೆ ಸೀಸನ್ ಮುಗಿದು ಆಷಾಢ ಬರಲಿ.